ಮನೆಯ ಹಿರಿಯರ ಜೊತೆ ಜಾತಿ, ಸಮಾನತೆಯ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತಿಪಟೂರು ಕಡೆಯ ಹಳ್ಳಿಯವಳು. ತೆಂಗಿನ ತೋಟ ಇದ್ದ ಮನೆ, ಊರಿನಲ್ಲಿ ಮಾತು ನಡೆಯುತ್ತಿದ್ದ ಮನೆ. ಈಗ ಬೆಂಗಳೂರಿನಲ್ಲಿ ಪಾಠ ಮಾಡುತ್ತೇನೆ. ತರಗತಿ ಮುಗಿದ ಮೇಲೆ ಮಕ್ಕಳು ಬಂದು ಕೇಳುವುದರಲ್ಲಿ ಪಾಠಕ್ಕಿಂತ ಮನೆಯ ಪ್ರಶ್ನೆಗಳೇ ಜಾಸ್ತಿ. ಅಪ್ಪ ಹೀಗಂದರು, ಏನು ಹೇಳಲಿ? ಅಜ್ಜಿ ಹಾಗೆ ಮಾಡಿದಳು, ಸುಮ್ನೆ ಇರಲಾ? ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕೇ ಮಾತು.

ಮಾತು ಎಲ್ಲಿಂದ ಶುರು ಮಾಡಬೇಕು?

ಮನೆಯೊಳಗಿನ ಒಂದು ವಸ್ತುವಿನಿಂದ ಶುರು ಮಾಡಿ. ಟಿವಿ ಸುದ್ದಿ, ಸಂವಿಧಾನ ಎಲ್ಲ ಆಮೇಲೆ ಬರಲಿ.

ನಮ್ಮ ಮನೆಯಲ್ಲಿ ಅದು ಒಂದು ಲೋಟ. ಹಿತ್ತಿಲ ಬಾಗಿಲ ಪಕ್ಕದ ಗೂಡಿನಲ್ಲಿ ಬೋರಲು ಹಾಕಿರುತ್ತಿದ್ದ ಅಲ್ಯೂಮಿನಿಯಂ ಲೋಟ. ಕಾಯಿ ಸುಲಿಯಲು ಬರುತ್ತಿದ್ದವರು ಅದನ್ನು ತಾವೇ ತೆಗೆದುಕೊಳ್ಳುತ್ತಿದ್ದರು. ಅಜ್ಜಿ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದಳು. ಕುಡಿದು, ತಾವೇ ತೊಳೆದು, ಮತ್ತೆ ಅಲ್ಲೇ ಬೋರಲು ಹಾಕಿ ಹೋಗುತ್ತಿದ್ದರು. ನನಗೆ ಹದಿನಾರು ವರ್ಷ ಆದಾಗ ಅಜ್ಜಿಯ ಮೇಲೆ ಕೂಗಾಡಿದೆ. ಇದು ಅಸ್ಪೃಶ್ಯತೆ, ಇದು ಅಪರಾಧ, ನಿನ್ನನ್ನು ಜೈಲಿಗೆ ಹಾಕಬಹುದು ಅಂದೆ. ಅಜ್ಜಿ ಅತ್ತಳು. ಲೋಟ ಗೂಡಿನಲ್ಲೇ ಉಳಿಯಿತು.

ಎರಡು ವರ್ಷ ಬಿಟ್ಟು ಬೇರೆ ರೀತಿ ಕೇಳಿದೆ. "ಅಜ್ಜಿ, ಈ ಲೋಟ ಯಾವಾಗಿಂದ ಇಲ್ಲಿದೆ?" ಆಗ ಕತೆ ಹೊರಬಂತು. ಅವಳು ಮದುವೆಯಾಗಿ ಬಂದಾಗ ಲೋಟವೇ ಇರಲಿಲ್ಲವಂತೆ. ತೆಂಗಿನ ಚಿಪ್ಪಿನಲ್ಲಿ ಕೊಡುತ್ತಿದ್ದರಂತೆ. ಚಿಪ್ಪು ಬೇಡ ಅಂತ ಅತ್ತೆಯ ಜೊತೆ ಜಗಳ ಮಾಡಿ, ಸಂತೆಯಿಂದ ಆ ಲೋಟ ತರಿಸಿದ್ದು ಅಜ್ಜಿಯೇ. ಅವಳ ಪಾಲಿಗೆ ಅದು ತಾನು ಗೆದ್ದ ಜಗಳ. ನನಗೆ ಕಂಡಿದ್ದು ಅವಮಾನ. ಎರಡೂ ನಿಜ. "ನೀನು ಚಿಪ್ಪಿಂದ ಲೋಟಕ್ಕೆ ತಂದೆ. ನಾನು ಒಳಗಿನ ಲೋಟ ಹೊರಗೆ ಕೊಡ್ತೀನಿ" ಅಂದೆ. ಅಜ್ಜಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಮಾರನೇ ದಿನ ನಾವು ಕುಡಿಯುವ ಸ್ಟೀಲ್ ಲೋಟದಲ್ಲೇ ಕಾಫಿ ಕೊಟ್ಟೆ.

ಇನ್ನೊಂದು ಮಾತು ಹೇಳಲೇಬೇಕು. ಅವರು ಆ ಸ್ಟೀಲ್ ಲೋಟವನ್ನೂ ತೊಳೆದು ಗೂಡಿನಲ್ಲೇ ಬೋರಲು ಹಾಕಿ ಹೋದರು. ಎಷ್ಟೋ ವಾರ ಹಾಗೇ ಆಯಿತು. ನಾನು, ಅಜ್ಜಿ ಇಬ್ಬರೂ ಇಷ್ಟೆಲ್ಲ ಮಾತಾಡಿದೆವು. ಅವರನ್ನು ಮಾತ್ರ ಒಂದು ಮಾತೂ ಕೇಳಿರಲಿಲ್ಲ.

ತಾತನ ವಯಸ್ಸಿನ ಕೆಲಸದವರನ್ನು ನಮ್ಮ ಮನೆ ಮಕ್ಕಳೂ "ಬಾರೋ" ಅನ್ನುತ್ತಾರೆ. ಇದನ್ನು ಹೇಗೆ ಎತ್ತಲಿ?

ನನಗೆ ಲೋಟಕ್ಕಿಂತ ಕಷ್ಟವಾಗಿದ್ದು ಇದು. ಲೋಟ ಕಣ್ಣಿಗೆ ಕಾಣುತ್ತದೆ. ಏಕವಚನ ನಾಲಿಗೆಯಲ್ಲೇ ಕೂತಿರುತ್ತದೆ. ನಾನು ಅಜ್ಜಿಗೆ "ನೀನು" ಅನ್ನುವುದು ಸಲಿಗೆ. ಕಾಯಿ ಸುಲಿಯಲು ಬರುತ್ತಿದ್ದ, ಅರವತ್ತು ದಾಟಿದ ಅವರಿಗೆ ಹತ್ತು ವರ್ಷದ ನಾನು "ನೀನು" ಅನ್ನುತ್ತಿದ್ದೆನಲ್ಲ, ಅದರಲ್ಲಿ ಯಾವ ಸಲಿಗೆಯೂ ಇರಲಿಲ್ಲ. ಅವರು ನನಗೆ ತಿರುಗಿ "ಅವ್ವಾರೇ" ಅನ್ನುತ್ತಿದ್ದರು.

ಹಿರಿಯರು ಸಾಮಾನ್ಯವಾಗಿ ಹೇಳುವುದು ಒಂದೇ: "ನಾವೆಲ್ಲ ಒಂದೇ ಮನೆಯವರ ಹಾಗೆ, ಪ್ರೀತಿಯಿಂದ ಹಾಗನ್ನೋದು." ಅಲ್ಲಿ ವಾದ ಮಾಡಬೇಡಿ. "ಹಾಗಿದ್ರೆ ಅವರೂ ನಮ್ಮ ತಾತನಿಗೆ ಹಾಗೇ ಅನ್ನಬಹುದಾ?" ಅಂತ ಒಂದೇ ಪ್ರಶ್ನೆ ಕೇಳಿ. ಆಮೇಲೆ ನಿಮ್ಮ ಬಾಯಲ್ಲಿ ಬಹುವಚನ ಶುರುವಾಗಲಿ. ಮನೆಯಲ್ಲಿ ಒಬ್ಬರು "ಬನ್ನಿ, ಕೂತ್ಕೊಳ್ಳಿ" ಅಂದರೆ ಪಕ್ಕದಲ್ಲಿರುವವರಿಗೆ "ಬಾರೋ" ಅನ್ನಲು ಸ್ವಲ್ಪ ಮುಜುಗರ ಆಗುತ್ತದೆ. ನಮ್ಮ ಅಪ್ಪ ಮೊದಲು ಏಕವಚನ ಬಿಟ್ಟರು, ಆದರೆ ಬಹುವಚನವೂ ಬರಲಿಲ್ಲ. ಒಂದು ವರ್ಷ ಕ್ರಿಯಾಪದವನ್ನೇ ನುಂಗಿ ಮಾತಾಡಿದರು. "ಕಾಫಿ ಆಯ್ತಾ?", "ಊಟ?" ಅಷ್ಟೇ. ಈಗ "ಬನ್ನಿ" ಅನ್ನುತ್ತಾರೆ.

"ಈಗೆಲ್ಲಿದೆ ಜಾತಿ? ಅದೆಲ್ಲ ಹಳೇ ಕಾಲದ್ದು" ಅಂದರೆ?

ಕಾನೂನು ಹಳೆಯದಾಗಿರುವುದು ನಿಜ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ 1950ರಿಂದ ಜಾರಿಯಲ್ಲಿದೆ. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯ್ದೆ ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು.

ಆದರೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ ನೋಡಿ. ಬೆಂಗಳೂರಿನಿಂದ ದೂರವೇನಲ್ಲ. 2022ರ ಸೆಪ್ಟೆಂಬರ್‌ನಲ್ಲಿ ದೇವರ ಮೆರವಣಿಗೆಯಲ್ಲಿ ದಲಿತ ಹುಡುಗನೊಬ್ಬ ದೇವರ ಮೂರ್ತಿಯ ಗುಜ್ಜುಕೋಲು (ಆಸರೆಯ ಕೋಲು) ಮುಟ್ಟಿದ. ಊರಿನವರು ಆ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದ ಅಂಗಡಿ, ಹೋಟೆಲಿನ ಒಳಗೆ ಬಿಡದ ತಕರಾರು ಅದರ ಹಿಂದೆ ಇತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಕಟಿಂಗ್ ಮಾಡಿಸಿಕೊಳ್ಳುವ ಕುರ್ಚಿಯ ವಿಷಯ ಬೆಂಕಿಯವರೆಗೆ ಹೋಯಿತು ಅಂದರೆ ಅದು ಹಳೇ ಕಾಲ ಹೇಗಾಗುತ್ತದೆ?

ಇವನ್ನು ತಿಳಿದುಕೊಂಡಿರಿ. ಆದರೆ ದೊಡ್ಡವರ ಮುಂದೆ ಇವನ್ನೇ ಮೊದಲು ಇಟ್ಟರೆ "ಅದು ಆ ಊರಲ್ಲಿ, ನಮ್ಮೂರಲ್ಲಿ ಹಾಗಿಲ್ಲ" ಅನ್ನುತ್ತಾರೆ. ಹಾಗಾಗಿ ನಿಮ್ಮೂರಿನ ಬಗ್ಗೆಯೇ ಕೇಳಿ. ಊರಹಬ್ಬದ ದಿನ ದೇವರು ಯಾವ ಬೀದಿಗೆ ಹೋಗುತ್ತದೆ, ಯಾವ ಕೇರಿಯ ತಿರುವಿನಲ್ಲಿ ವಾಪಸ್ ಬರುತ್ತದೆ? ಮದುವೆ ಊಟದಲ್ಲಿ ಕೊನೆಯ ಪಂಕ್ತಿ ಯಾರದ್ದು? ಊರಿಗೆ ನಲ್ಲಿ ಬಂದಾಗ ಮೊದಲು ಯಾವ ಬೀದಿಗೆ ಬಂತು? ಅವರಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತು. ಉತ್ತರ ಹೇಳುತ್ತಾ ಹೇಳುತ್ತಾ ಅವರೇ ನಿಧಾನ ಆಗುವುದನ್ನು ನಾನು ನೋಡಿದ್ದೇನೆ.

ಮೀಸಲಾತಿ ಮಾತು ಬಂದರೆ ಮನೆಯೇ ಎರಡು ಭಾಗ ಆಗುತ್ತದೆ. ಏನು ಮಾಡಲಿ?

ಇದಕ್ಕೆ ಸ್ವಲ್ಪ ಸಮಯ ಕೊಡಿ. ನಮ್ಮಲ್ಲಿ ಈ ವಿಷಯಕ್ಕೆ ನೂರು ವರ್ಷ ದಾಟಿದ ಇತಿಹಾಸ ಇದೆ. ಅದು ಗೊತ್ತಿಲ್ಲದೆ ಜಗಳ ಆಡುವವರೇ ಜಾಸ್ತಿ.

1918ರಲ್ಲಿ ಮೈಸೂರಿನ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ನೇತೃತ್ವದಲ್ಲಿ ಒಂದು ಸಮಿತಿ ಮಾಡಿದರು. ಸರ್ಕಾರಿ ಕೆಲಸದ ಬಹುಪಾಲು ಆಗ ಬ್ರಾಹ್ಮಣ ಸಮುದಾಯದ ಕೈಯಲ್ಲಿತ್ತು. ಉಳಿದವರಿಗೂ ಪಾಲು ಬೇಕು ಅಂತ ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿಯವರು ಕೇಳಿದ್ದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅವರು ಆ ವರ್ಷವೇ ದಿವಾನಗಿರಿ ಬಿಟ್ಟರು. ಮಿಲ್ಲರ್ ಸಮಿತಿ ಹೇಳಿದ್ದು ಇಷ್ಟು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಉಳಿದ ಸಮುದಾಯಗಳಿಗೆ ಸಿಗಬೇಕು. ಆ ಉಳಿದ ಸಮುದಾಯಗಳಲ್ಲಿ ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಎಲ್ಲ ಇದ್ದರು.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಇವತ್ತು "ಮೀಸಲಾತಿಯಿಂದ ನಮ್ಮ ಮಕ್ಕಳು ಹಾಳಾದರು" ಅನ್ನುವ ಎಷ್ಟೋ ಮನೆಗಳ ಮುತ್ತಾತ ಅದೇ ಮೆಟ್ಟಿಲು ಹತ್ತಿ ಬಂದವರು. ನಮ್ಮ ತಾತ ಪಟ್ಟಣದಲ್ಲಿ ಓದಿದ್ದು ಜಾತಿ ಸಂಘದ ಹಾಸ್ಟೆಲಿನಲ್ಲಿ. ಅನ್ನ ಪುಕ್ಕಟೆ, ಚಾಪೆ ಪುಕ್ಕಟೆ. ಅದನ್ನು ಮನೆಯಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಆ ಹೆಮ್ಮೆಯ ಕತೆಯನ್ನೇ ಹಿಡಿದುಕೊಂಡು ನಮ್ಮ ದೊಡ್ಡಪ್ಪನನ್ನು ಕೇಳಿದೆ: "ತಾತನಿಗೆ ಯಾರೋ ಅನ್ನ ಹಾಕಿ ಓದಿಸಿದ್ದಕ್ಕೆ ನಾವು ಇಲ್ಲಿದ್ದೀವಿ. ತೋಟದಲ್ಲಿ ಕೆಲಸ ಮಾಡ್ತಿದ್ದವರ ಮಕ್ಕಳಿಗೆ ಆಗ ಆ ಹಾಸ್ಟೆಲ್ ಬಾಗಿಲು ತೆರೆದಿತ್ತಾ?" ದೊಡ್ಡಪ್ಪ ಒಪ್ಪಲಿಲ್ಲ. ಆದರೆ ಅವತ್ತು ಧ್ವನಿ ಏರಿಸಲೂ ಇಲ್ಲ.

ಮುಂದೆ 1972ರಲ್ಲಿ ದೇವರಾಜ ಅರಸು ಅವರ ಸರ್ಕಾರ ಹಿಂದುಳಿದ ವರ್ಗಗಳನ್ನು ಗುರುತಿಸಲು ಎಲ್.ಜಿ. ಹಾವನೂರು ಆಯೋಗ ಮಾಡಿತು, 1975ರಲ್ಲಿ ವರದಿ ಬಂತು. ಅಲ್ಲಿಯವರೆಗೆ ಲೆಕ್ಕಕ್ಕೇ ಇಲ್ಲದ ಎಷ್ಟೋ ಸಣ್ಣ ಸಮುದಾಯಗಳ ಹೆಸರು ಸರ್ಕಾರಿ ಕಾಗದದಲ್ಲಿ ಬಂದಿದ್ದು ಆಗ. 2019ರಲ್ಲಿ ಬೇರೆ ಯಾವ ಮೀಸಲಾತಿಯೂ ಇಲ್ಲದ ಬಡವರಿಗೆ ಶೇಕಡಾ 10 ಬಂತು. ಅದಕ್ಕೆ ವರ್ಷಕ್ಕೆ 8 ಲಕ್ಷ ರೂಪಾಯಿಯ ಆದಾಯ ಮಿತಿ ಇದೆ. "ಮೀಸಲಾತಿಯೇ ತಪ್ಪು" ಅನ್ನುತ್ತಿದ್ದ ಕೆಲವು ಮನೆಗಳಲ್ಲಿ ಆ ಸರ್ಟಿಫಿಕೇಟಿಗೆ ಅರ್ಜಿ ಹೋಗಿದೆ. ಹೋಗಲಿ, ಅದು ಅವರ ಹಕ್ಕು. ಬೇರೆಯವರ ಹಕ್ಕನ್ನು ಅರ್ಥ ಮಾಡಿಕೊಳ್ಳಲು ಅದೂ ಒಂದು ಬಾಗಿಲು.

ಸೀಟು ಸಿಗದ ಅಣ್ಣನ ನೋವು ಸುಳ್ಳಲ್ಲ. ಅದನ್ನು ತಳ್ಳಿಹಾಕಬೇಡಿ. ಸೀಟುಗಳೇ ಕಡಿಮೆ, ಫೀಸು ಜಾಸ್ತಿ, ಸರ್ಕಾರಿ ಕೆಲಸ ಇನ್ನೂ ಕಡಿಮೆ. ಆ ಸಿಟ್ಟು ಸರ್ಕಾರದ ಬಾಗಿಲಿಗೆ ಹೋಗಬೇಕು. ಪಕ್ಕದ ಬೆಂಚಿನ ಹುಡುಗಿ ಏನು ಮಾಡಿದಳು?

ಅತ್ತೆಯಂದಿರಿಗೆ (ಅಪ್ಪನ ಅಕ್ಕತಂಗಿಯರಿಗೆ) ಪಾಲು ಕೊಡುವ ಮಾತೆತ್ತಿದರೆ "ತವರಿನ ಬಾಗಿಲು ಮುಚ್ಚುತ್ತೆ" ಅಂತಾರೆ.

ಕಾನೂನು ಮೊದಲು ತಿಳಿದಿರಲಿ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಇದೆ. ಕರ್ನಾಟಕ ಇದನ್ನು 1994ರಲ್ಲೇ ಜಾರಿ ಮಾಡಿತ್ತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದ ಹೆಣ್ಣುಮಕ್ಕಳಿಗೆ ಸಿಗಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಒಂದೇ ಕಾನೂನು, ಮದುವೆಯಾದವರಿಗೂ ಸೇರಿ. ಆ ದಿನ ತಂದೆ ಬದುಕಿರಲೇಬೇಕು ಅಂತಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ರಿಜಿಸ್ಟರ್ ಆಗಿಯೋ ಕೋರ್ಟ್ ಮೂಲಕವೋ ಮುಗಿದ ವಿಭಾಗವನ್ನು ಮಾತ್ರ ಮತ್ತೆ ತೆರೆಯಲು ಆಗುವುದಿಲ್ಲ.

ಇನ್ನು ಮನೆಯ ಮಾತು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ದಿನ ಅತ್ತೆಯರನ್ನು ಕರೆಸಿ, ಸೀರೆ ಕೊಟ್ಟು, ಅರಿಶಿನ ಕುಂಕುಮ ಕೊಟ್ಟು, ಒಬ್ಬಟ್ಟಿನ ಊಟ ಹಾಕುತ್ತಾರೆ. ನಾನು ಆ ಊಟ ಬಡಿಸಿದ್ದೇನೆ. ಆ ದಿನ ನಮ್ಮ ಚಿಕ್ಕತ್ತೆ ಏನೂ ಮಾತಾಡದೆ ಉಂಡರು. ಕೊಡದಿರುವುದಕ್ಕೆ ಇಷ್ಟು ಸಂಭ್ರಮ ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ.

ಬಾಗಿಲು ಮುಚ್ಚುವವರು ಯಾರು ಅಂತ ಕೇಳಿ. ಪಾಲು ತಗೊಂಡ ಅಣ್ಣ ತಮ್ಮಂದಿರ ನಡುವೆ ಬಾಗಿಲು ಮುಚ್ಚಿಲ್ಲ ಅಲ್ವಾ? ಅತ್ತೆಯರ ಜೊತೆಯೂ ಬೇರೆಯಾಗಿ ಮಾತಾಡಿ. ಅವರಿಗೆ ಬೇಕಿರುವುದು ಕೆಲವು ಸಲ ಎಕರೆಯೂ ಅಲ್ಲ. ಕಷ್ಟ ಬಂದರೆ ಬಂದು ಇರಲು ಒಂದು ಕೋಣೆ. ಕೇಳದೆ ನಾವೇ ಊಹಿಸಬಾರದು.

ಮುಟ್ಟಿನ ದಿನ ಹೊರಗೆ ಕೂರಿಸುವುದರ ಬಗ್ಗೆ?

ಅಜ್ಜಿ ಹೇಳಿದ ಒಂದು ಮಾತಿನಿಂದ ನನಗೆ ಅರ್ಧ ಅರ್ಥವಾಯಿತು: "ತಿಂಗಳಿಗೆ ಆ ಮೂರು ದಿನವೇ ಕಣೇ ನಾನು ಕೂತಿದ್ದು." ಅವಳಿಗೆ ಬೇರೆ ರಜೆ ಇರಲಿಲ್ಲ. ಆದ್ದರಿಂದ "ಮೈಲಿಗೆ ಬೇಡ, ವಿಶ್ರಾಂತಿ ಇರಲಿ" ಅಂತ ಹೇಳಿ ನೋಡಿ. ಮೈಲಿಗೆ ಬಿಟ್ಟು ಮೂವತ್ತು ದಿನವೂ ಒಲೆ ಮುಂದೆ ನಿಲ್ಲಿಸಿದರೆ ಅದು ಸಮಾನತೆ ಅಲ್ಲ. ಆ ಮೂರು ದಿನ ಅಪ್ಪನೋ ತಮ್ಮನೋ ಅಡುಗೆ ಮಾಡಲಿ.

ಆದರೆ ತುಮಕೂರು, ಚಿತ್ರದುರ್ಗ ಕಡೆಯ ಕೆಲವು ಹಟ್ಟಿಗಳಲ್ಲಿ ಇರುವ ಹಾಗೆ ಬಾಣಂತಿಯನ್ನು, ಹಸುಗೂಸನ್ನು ಊರ ಹೊರಗಿನ ಗುಡಿಸಲಲ್ಲಿ ಇಡುವ ಮಾತಾದರೆ ಸಮಯ ಕಾಯಬೇಡಿ. ಆಶಾ ಕಾರ್ಯಕರ್ತೆಗೆ, ಅಂಗನವಾಡಿಗೆ ಅದೇ ದಿನ ಹೇಳಿ. ಅದು ಜೀವದ ಪ್ರಶ್ನೆ.

ಬೇರೆ ಜಾತಿಯಲ್ಲಿ ಮದುವೆ. ಮನೆಯಲ್ಲಿ ಹೇಗೆ ಹೇಳಲಿ?

ಮೊದಲು ಒಂದು ಮಾತು. ಮನೆಯವರಿಂದ ಪ್ರಾಣಕ್ಕೆ ಅಪಾಯ ಇದೆ ಅನ್ನಿಸಿದರೆ ಮಾತುಕತೆ ಬೇಡ. 112ಕ್ಕೆ ಕರೆ ಮಾಡಿ, ನಂಬಿಕೆಯ ವಕೀಲರನ್ನು ಹಿಡಿಯಿರಿ. ವಯಸ್ಕರಿಬ್ಬರು ಮದುವೆಯಾಗಲು ಮನೆಯವರ ಅಥವಾ ಜಾತಿಯವರ ಒಪ್ಪಿಗೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸ್ ಇದೆ, ಅದು ಮನೆಗೆ ಸುದ್ದಿ ಮುಟ್ಟಿಸಬಹುದು. ಇಬ್ಬರೂ ಹಿಂದೂಗಳಾದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಯಾಗಿ ರಿಜಿಸ್ಟರ್ ಮಾಡಿಸಬಹುದು, ಅಲ್ಲಿ ಆ ನೋಟಿಸ್ ಇಲ್ಲ.

ಅಪಾಯ ಇಲ್ಲ, ಬರೀ ಸಿಟ್ಟು ಅಂದರೆ ನಿಧಾನ ಮಾಡಿ. ಅಪ್ಪ ಅಮ್ಮನ ಸಿಟ್ಟಿನ ಒಳಗೆ ಒಂದು ಭಯ ಇರುತ್ತದೆ. ಸಾವಿಗೆ ಯಾರು ಬರುತ್ತಾರೆ? ತಂಗಿಗೆ ಗಂಡು ಸಿಗುತ್ತಾ? ಊರಲ್ಲಿ ತಲೆ ಎತ್ತುವುದು ಹೇಗೆ? ಈ ಭಯ ಸುಳ್ಳು ಅಂತ ಹೇಳಬೇಡಿ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮಧುವರಸರ ಮಗಳನ್ನು ಕೊಟ್ಟಿದ್ದಕ್ಕೆ ಇಬ್ಬರು ತಂದೆಯರಿಗೂ ಎಳೆಹೂಟೆ (ಆನೆಯ ಕಾಲಿಗೆ ಕಟ್ಟಿ ಎಳೆಸುವ) ಶಿಕ್ಷೆಯಾಯಿತು ಅಂತ ನಮ್ಮ ನಾಡು ನೆನಪಿಟ್ಟುಕೊಂಡಿದೆ. ಮಕ್ಕಳ ಮದುವೆಗೆ ಜೀವ ಕೊಟ್ಟ ಅಪ್ಪಂದಿರು ಅವರು. ಬಸವ ಜಯಂತಿಗೆ ಪಾನಕ ಹಂಚುವ ಮನೆಯಲ್ಲಿ ಈ ಕತೆ ಎತ್ತಿ ನೋಡಿ. ನಿಮ್ಮ ಮಾತಿಗಿಂತ ಅದಕ್ಕೆ ತೂಕ ಇರುತ್ತದೆ.

ಮನೆಯಲ್ಲಿ ಒಬ್ಬರನ್ನಾದರೂ ಮೊದಲು ಒಲಿಸಿಕೊಳ್ಳಿ. ಸಾಮಾನ್ಯವಾಗಿ ಅದು ಸೋದರಮಾವ ಅಥವಾ ಅಜ್ಜಿ. ಅಪ್ಪನಿಗೆ ಕೊನೆಗೆ ಹೇಳಿ, ಆದರೆ ಬೇರೆಯವರ ಬಾಯಿಂದ ಗೊತ್ತಾಗುವ ಮುಂಚೆ ಹೇಳಿ.

ಹಿರಿಯರೇ ಯಾವಾಗಲೂ ಹಿಂದೆ, ನಾವೇ ಮುಂದೆ. ಹೌದಾ?

ಇಲ್ಲ. ಈ ಪ್ರಶ್ನೆ ಯಾರ ಮನೆಯಿಂದ ಬರುತ್ತಿದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ನನ್ನ ವಿದ್ಯಾರ್ಥಿಯೊಬ್ಬನ ತಾತ ಜೀತದಲ್ಲಿದ್ದವರು. ಜೀತ ರದ್ದಾದ ಸುದ್ದಿ 1976ರಲ್ಲಿ ಅವರ ಕಿವಿಗೆ ಬಿದ್ದ ದಿನವೇ ಕೊಟ್ಟಿಗೆಯಿಂದ ಎದ್ದು ನಡೆದರು. ಎಪ್ಪತ್ತರ ದಶಕದ ಕರ್ನಾಟಕ ಸಾಮಾನ್ಯವಾದುದಲ್ಲ. ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಡಿಕ್ಲರೇಷನ್ ಹಾಕಿ ಧಣಿಗಳ ಎದುರಿಗೇ ಭೂ ನ್ಯಾಯಮಂಡಳಿಯಲ್ಲಿ ನಿಂತರು. ದಲಿತ ಸಂಘರ್ಷ ಸಮಿತಿಯ ಹುಡುಗರು ತಮಟೆ ಹಿಡಿದು, ಹಾಡು ಹೇಳಿಕೊಂಡು ಊರೂರು ನಡೆದರು. ಆ ಹುಡುಗರೇ ಈಗ ಅಜ್ಜಂದಿರು. ಅವರ ಮುಂದೆ ಕೂತು ನಾವು ಪಾಠ ಹೇಳುವುದಲ್ಲ, ಕೇಳಬೇಕು.

ಇತ್ತ ನಮ್ಮ ಕಡೆಯ ಯುವಕರನ್ನು ನೋಡಿ. ಮದುವೆ ಆಪ್‌ನಲ್ಲಿ ಮೊದಲು ತುಂಬುವ ಖಾನೆ ಯಾವುದು? ಬೆಂಗಳೂರಲ್ಲಿ ಮನೆ ಬಾಡಿಗೆಗೆ ಕೊಡುವಾಗ "ನೀವು ಯಾವ ಕಡೆಯವರು, ಮನೇಲಿ ಏನು ಮಾಡ್ತೀರಾ ಊಟಕ್ಕೆ?" ಅಂತ ಕೇಳುವವರಲ್ಲಿ ಮೂವತ್ತು ವರ್ಷದವರೂ ಇದ್ದಾರೆ. ಬೈಕಿನ ಮೇಲೆ ಜಾತಿ ಹೆಸರು ಅಂಟಿಸಿದ್ದು ತಾತ ಅಲ್ಲ.

ಗಂಡು ಹೆಣ್ಣು ಎರಡಕ್ಕೂ ಹೊಂದದವರ ಬಗ್ಗೆ ಅಜ್ಜಿಗೆ ಹೇಗೆ ವಿವರಿಸಲಿ?

ಅಜ್ಜಿಗೆ ನೀವು ವಿವರಿಸಬೇಕಾಗಿಲ್ಲದಿರಬಹುದು. ಯಲ್ಲಮ್ಮನ ಹೆಸರಲ್ಲಿ ಸೀರೆ ಉಟ್ಟು ಬರುವ ಜೋಗಪ್ಪರನ್ನು ಅವರು ನಿಮಗಿಂತ ಮೊದಲು ನೋಡಿದ್ದಾರೆ, ಅಂಗಳಕ್ಕೆ ಬಂದಾಗ ಮೊರದಲ್ಲಿ ಅಕ್ಕಿ ಕೊಟ್ಟಿದ್ದಾರೆ. ಟ್ರಾನ್ಸ್‌ಜೆಂಡರ್ ಜನಪದ ಕಲಾವಿದೆ ಮಂಜಮ್ಮ ಜೋಗತಿಯವರು ಪದ್ಮಶ್ರೀ ತಗೊಂಡ ವಿಡಿಯೊ ತೋರಿಸಿ. ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದು ನೋಡಿ ನಮ್ಮಜ್ಜಿ ಎದ್ದು ಕೂತಳು. ಮಾತು ಅಲ್ಲಿಂದ ಮುಂದೆ ಹೋಗುತ್ತದೆ. ಅಕ್ಕಿ ಕೊಡುವುದು ಬೇರೆ, ಮನೆಯೊಳಗಿನ ಮಗುವೇ ಹಾಗೆ ಅಂದಾಗ ಒಪ್ಪುವುದು ಬೇರೆ, ಅದು ನಿಜ. ಅದಕ್ಕೆ ಜಾಸ್ತಿ ದಿನ ಬೇಕು.

"ಹೆಂಗಸರಿಗೆ ಬಸ್ಸು ಬಿಟ್ಟಿ ಮಾಡಿ ಹಾಳು ಮಾಡಿದರು" ಅಂತ ಅಪ್ಪ ದಿನಾ ಹೇಳುತ್ತಾರೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಅಪ್ಪನನ್ನು ಒಂದು ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ. ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಗೆಲಸಕ್ಕೆ ಹೋಗುವವರು, ಜಿಲ್ಲಾಸ್ಪತ್ರೆಗೆ ಹೊರಟ ಮುದುಕಿಯರು. ಆಮೇಲೆ ಅಮ್ಮನನ್ನು ಕೇಳಿ, ಇದಕ್ಕೆ ಮುಂಚೆ ಬಸ್ ಚಾರ್ಜಿಗೆ ಯಾರ ಹತ್ತಿರ ಕೈ ಚಾಚಬೇಕಿತ್ತು ಅಂತ. ಅಮ್ಮ ಉತ್ತರ ಹೇಳುವಾಗ ಅಪ್ಪ ಅಲ್ಲೇ ಇರಲಿ.

ನಾವು ಹೊರದೇಶದಲ್ಲಿದ್ದೇವೆ. ಇಲ್ಲಿಗೆ ಇದು ಬೇಕಾ?

ಬೇಕು. ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಜಾತಿ ನಮ್ಮ ಪೆಟ್ಟಿಗೆಯಲ್ಲೇ ಅಲ್ಲಿಗೆ ಬಂದಿದೆ ಅಂತ ಅರ್ಥ. ಅಲ್ಲಿ ಹುಟ್ಟಿದ ಮಕ್ಕಳು "ನಾವು ಯಾರು?" ಅಂತ ಕೇಳಿದಾಗ ಬರೀ ಹೆಮ್ಮೆಯ ಕತೆ ಹೇಳಿ ಮುಗಿಸಬೇಡಿ. ಲೋಟದ ಕತೆಯೂ ಹೇಳಿ.

ಎಷ್ಟು ಹೇಳಿದರೂ ಬದಲಾಗದಿದ್ದರೆ?

ಕೆಲವರು ಬದಲಾಗುವುದಿಲ್ಲ. ದೊಡ್ಡಪ್ಪ ಇವತ್ತಿಗೂ ಬದಲಾಗಿಲ್ಲ. ನಾನು ಈಗಲೂ ಅವರ ಮನೆಗೆ ಹೋಗುತ್ತೇನೆ, ಊಟ ಮಾಡುತ್ತೇನೆ. ಆದರೆ ಅವರ ಬಾಯಿಂದ ಜಾತಿಯ ಬೈಗುಳ ಬಂದರೆ "ನನ್ನ ಮುಂದೆ ಬೇಡ ದೊಡ್ಡಪ್ಪ" ಅಂತ ಪ್ರತಿ ಸಲವೂ ಹೇಳುತ್ತೇನೆ. ಮಕ್ಕಳ ಎದುರಿಗಾದರೆ ಎದ್ದು ಹೋಗುತ್ತೇನೆ. ಅವರ ಮನಸ್ಸು ಬದಲಾಗುವವರೆಗೆ ನಮ್ಮ ಮನೆಯ ಪದ್ಧತಿ ಕಾಯಬೇಕಾಗಿಲ್ಲ. ಹಿತ್ತಿಲಲ್ಲಿ ನಿಂತವರಿಗೆ ಅಷ್ಟು ವರ್ಷ ನಿಲ್ಲಿ ಅನ್ನಲು ನಾವು ಯಾರು?

ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳಬಹುದಾ?

ಕೇಳಿ ಮಾಡಿ. ಕದ್ದು ಮಾಡಬೇಡಿ. ಫೋನು ಕಣ್ಣೆದುರಿಗೇ ಇರಲಿ. ಬೇರೆಯವರ ಹೆಸರು ಬಂದರೆ ಅದನ್ನು ಎಲ್ಲೂ ಹಾಕಬೇಡಿ.

ಅಜ್ಜಿ ಈಗಿಲ್ಲ. ಚಿಪ್ಪಿನಿಂದ ಲೋಟದವರೆಗಿನ ಕತೆ ಅವಳ ಧ್ವನಿಯಲ್ಲೇ ನನ್ನ ಹತ್ತಿರ ಇದೆ. ಕಾಯಿ ಸುಲಿಯಲು ಬರುತ್ತಿದ್ದವರ ಮಾತೂ ಬೇಕು ಅಂತ ಹೋದ ವರ್ಷ ಅವರ ಮನೆಗೆ ಹೋದೆ. ಅವರಿಗೆ ಈಗ ಕಿವಿ ಸರಿಯಾಗಿ ಕೇಳುವುದಿಲ್ಲ. ಮಗ ಹೈಸ್ಕೂಲ್ ಮೇಷ್ಟ್ರು. ಕಾಫಿ ಕೊಟ್ಟರು, ಕೂರಿಸಿ ಮಾತಾಡಿಸಿದರು. ನಾನು ಬಂದ ಕೆಲಸ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಅಪ್ಪನ ಮಾತು ನಾನೇ ಬರ್ಕೊತಾ ಇದೀನಿ. ಮುಗಿದ ಮೇಲೆ ನಿಮಗೂ ಒಂದು ಪ್ರತಿ ಕೊಡ್ತೀನಿ" ಅಂದರು. ನಾನು ಫೋನು ಬ್ಯಾಗಿನೊಳಗೆ ಇಟ್ಟುಕೊಂಡೆ.